ಲಾರಿಯ ಮುಳ್ಳಿಗೆ ಲೆಕ್ಕ ಕಲಿಸಿದ ಬಗೆ

ಹೆದ್ದಾರಿಯಲ್ಲಿ ಹೊರೆ ಹೊತ್ತು ಸಾಗುವ ಲಾರಿಯನ್ನು ಕಂಡವರು ಅದರ ಬಣ್ಣವನ್ನು ನೋಡುತ್ತಾರೆ. ಹಿಂಬದಿಯ ಹಲಗೆಯ ಮೇಲಿನ ಹಿತವಚನವನ್ನು ಓದಿ ನಗುತ್ತಾರೆ. ದಾರಿ ಬಿಡದಿದ್ದರೆ ಶಪಿಸುತ್ತಾರೆ. ಚಾಲಕನ ಕಣ್ಣೆದುರಿಗೆ ಸಾಲಾಗಿ ಕುಳಿತಿರುವ ಮೀಟರುಗಳ ಕಡೆಗೆ ಕಣ್ಣು ಹಾಯಿಸುವವರು ವಿರಳ. ಗಾಡಿಯ ವೇಗವನ್ನು ತಿಳಿಸುವುದೊಂದು, ಎಣ್ಣೆಯ ಒತ್ತಡವನ್ನು ತಿಳಿಸುವುದೊಂದು, ನೀರಿನ ಬಿಸಿಯನ್ನು ತಿಳಿಸುವುದೊಂದು, ಡೀಸೆಲ್ ಎಷ್ಟು ಉಳಿದಿದೆಯೆಂದು ತಿಳಿಸುವುದೊಂದು. ಇವುಗಳ ನಡುವೆ ಇನ್ನೊಂದು ದೊಡ್ಡ ಬಿಲ್ಲೆ ಇರುತ್ತದೆ. ಅದರ ಅಂಚಿನಲ್ಲಿ ಒಂದಷ್ಟು ದೂರ ಹಸಿರು ಪಟ್ಟಿ, ಕೊನೆಯಲ್ಲಿ ಕೆಂಪು ಪಟ್ಟಿ. ಗ್ಯಾರೇಜಿನವರು ಅದನ್ನು ಆರ್.ಪಿ.ಎಂ. ಮೀಟರು ಎನ್ನುತ್ತಾರೆ, ಪುಸ್ತಕಗಳಲ್ಲಿ ಅದರ ಹೆಸರು ಟ್ಯಾಕೋಮೀಟರು. ಗ್ರೀಕ್ ಭಾಷೆಯಲ್ಲಿ ‘ಟ್ಯಾಕೋಸ್’ ಎಂದರೆ ವೇಗ. ಎಂಜಿನ್ನಿನೊಳಗಿನ ಮುಖ್ಯ ದಂಡವು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಹೇಳುವುದೇ ಅದರ ಕೆಲಸ.

ಈ ಮೀಟರು ಒಂದು ಲಾರಿಯಿಂದ ಕಳಚಿ ಇನ್ನೊಂದು ಲಾರಿಗೆ ಬಂದು ಕುಳಿತರೆ ಏನಾಗುತ್ತದೆ? ತಂತಿಗಳು ಕೂಡುತ್ತವೆ, ದೀಪಗಳು ಬೆಳಗುತ್ತವೆ, ಮುಳ್ಳೂ ಆಡುತ್ತದೆ. ಆದರೆ ಅದು ಆಡುವುದು ಹಳೆಯ ಮನೆಯ ಮಾತನ್ನು. ಅದಕ್ಕೆ ಹೊಸ ಮನೆಯ ಲೆಕ್ಕವನ್ನು ಕಲಿಸದಿದ್ದರೆ ಆಗುವ ಅನಾಹುತ ಅಲ್ಪವಾದುದಲ್ಲ.

ಘಟ್ಟದ ಇಳಿಜಾರಿನಲ್ಲಿ

ಸಕಲೇಶಪುರವನ್ನು ದಾಟಿ ಶಿರಾಡಿ ಘಟ್ಟದಲ್ಲಿ ಗುಂಡ್ಯದ ಕಡೆಗೆ ಇಳಿಯುವ ಲಾರಿಯನ್ನು ಕಲ್ಪಿಸಿಕೊಳ್ಳಿ. ಇಡೀ ಇಳಿಜಾರನ್ನು ಕಾಲಿನ ಬ್ರೇಕೊಂದರಿಂದಲೇ ಇಳಿಯ ಹೊರಟರೆ ಬ್ರೇಕು ಕಾದು ತನ್ನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಅನುಭವಸ್ಥ ಚಾಲಕನು ಕೆಳಗಿನ ಗೇರಿಗೆ ಇಳಿದು, ಎಂಜಿನ್ನನ್ನೇ ಗಾಡಿಗೆ ತಡೆಯಾಗಿ ಬಳಸುತ್ತಾನೆ. ಹೊಗೆಯ ಕೊಳವೆಯನ್ನು ಮುಚ್ಚಿ ಎಂಜಿನ್ನಿಗೆ ಉಸಿರು ಕಟ್ಟಿಸುವ ‘ಎಗ್ಸಾಸ್ಟ್ ಬ್ರೇಕು’ ಇದ್ದರೆ ಅದನ್ನೂ ಹಾಕುತ್ತಾನೆ. ಈ ತಡೆಯ ಗುಣವೇನೆಂದರೆ, ಎಂಜಿನ್ನು ಹೆಚ್ಚು ಸುತ್ತು ತಿರುಗಿದಷ್ಟೂ ಅದು ಹೆಚ್ಚು ಬಲವಾಗಿ ಹಿಡಿಯುತ್ತದೆ. ಹೀಗಾಗಿ ಚಾಲಕನು ಬೇಕೆಂದೇ ಮುಳ್ಳನ್ನು ಮೇಲಕ್ಕೇರಿಸಿ, ಕೆಂಪು ಪಟ್ಟಿಯ ಈಚೆಗೆ ನಿಲ್ಲಿಸಿಕೊಂಡು ಇಳಿಯುತ್ತಾನೆ.

ಕೆಂಪನ್ನು ದಾಟಿದರೆ? ಮಟ್ಟಸ ರಸ್ತೆಯಲ್ಲಾದರೆ ಎಂಜಿನ್ನಿನ ಗವರ್ನರು ಡೀಸೆಲನ್ನು ಕಡಿತಗೊಳಿಸಿ ಸುತ್ತನ್ನು ಹದ್ದಿನಲ್ಲಿಡುತ್ತದೆ. ಇಳಿಜಾರಿನಲ್ಲಿ ಆ ಉಪಾಯ ಸಾಗದು. ಅಲ್ಲಿ ಎಂಜಿನ್ನನ್ನು ತಿರುಗಿಸುತ್ತಿರುವುದು ಡೀಸೆಲಲ್ಲ, ಚಕ್ರಗಳ ಮೂಲಕ ನೂಕುತ್ತಿರುವ ಹೊರೆ. ಮಿತಿಮೀರಿ ತಿರುಗಿದ ಎಂಜಿನ್ನಿನಲ್ಲಿ ಕವಾಟಗಳು ಹೊತ್ತಿಗೆ ಸರಿಯಾಗಿ ಮುಚ್ಚದೆ ಪಿಸ್ಟನ್ನಿಗೆ ತಾಗಬಹುದು; ತಾಗಿದರೆ ಎಂಜಿನ್ನು ಮುರಿಯುತ್ತದೆ, ಅದರೊಡನೆ ಗಾಡಿಯನ್ನು ಹಿಡಿದಿದ್ದ ತಡೆಯೂ ಹೋಗುತ್ತದೆ. ಆ ಕ್ಷಣದಲ್ಲಿ ಲಾರಿಯಲ್ಲಿರುವ ಇಬ್ಬರ ಪ್ರಾಣವೂ ಎದುರಿಗೆ ಬರುವವರ ಪ್ರಾಣವೂ ಕಾಲಿನ ಬ್ರೇಕೊಂದನ್ನೇ ನಂಬಿಕೊಂಡಿರುತ್ತವೆ. ಇಷ್ಟು ದೊಡ್ಡ ಮಾತು ಆ ಸಣ್ಣ ಮುಳ್ಳಿನ ತುದಿಯಲ್ಲಿದೆ.

ಕಿವಿಯಿಂದ ಮುಳ್ಳಿಗೆ

ಹಿಂದಿನ ಚಾಲಕರಿಗೆ ಕಿವಿಯೇ ಮೀಟರು. ಎಂಜಿನ್ನಿನ ಶ್ರುತಿಯನ್ನು ಕೇಳಿ ಗೇರು ಬದಲಾಯಿಸುತ್ತಿದ್ದರು. ಆದರೆ ಸುತ್ತನ್ನು ಸಂಖ್ಯೆಯಲ್ಲಿ ಹಿಡಿಯುವ ಆಸೆ ಮೋಟಾರಿಗಿಂತ ಹಳೆಯದು. 1788ರಲ್ಲಿ ಜೇಮ್ಸ್ ವಾಟ್ ತನ್ನ ಹಬೆಯಂತ್ರಕ್ಕೆ ತಿರುಗುವ ಗುಂಡುಗಳ ಗವರ್ನರನ್ನು ಅಳವಡಿಸಿದನು. ಅದು ಸುತ್ತನ್ನು ಹಿಡಿತದಲ್ಲಿಟ್ಟಿತು, ಎಷ್ಟೆಂದು ಹೇಳಲಿಲ್ಲ. ಹೇಳುವ ಉಪಕರಣವನ್ನು ಮಾಡಿದವರಲ್ಲಿ ಇಂಗ್ಲೆಂಡಿನ ಬ್ರಯನ್ ಡಾಂಕಿನ್ ಎಂಬ ಯಂತ್ರಶಿಲ್ಪಿ ಮೊದಲಿಗರಲ್ಲೊಬ್ಬ. ಉದ್ದುದ್ದ ಸುರುಳಿಯಾಗಿ ಕಾಗದವನ್ನು ತಯಾರಿಸುವ ಯಂತ್ರವನ್ನು ಬಳಕೆಗೆ ತಂದವನೂ ಇವನೇ ಆದ್ದರಿಂದ ಪತ್ರಿಕೆ ಓದುವವರೆಲ್ಲರೂ ಇವನಿಗೆ ಸ್ವಲ್ಪ ಋಣಿಗಳು. ತಿರುಗುವ ಬಟ್ಟಲಿನಲ್ಲಿ ಪಾದರಸವನ್ನಿಟ್ಟರೆ ಅದು ಅಂಚಿಗೇರಿ ನಡುವೆ ತಗ್ಗಾಗುತ್ತದೆ. ವೇಗ ಹೆಚ್ಚಿದಂತೆ ತಗ್ಗೂ ಆಳವಾಗುತ್ತದೆ. ಆ ತಗ್ಗಿಗೆ ಅನುಸಾರವಾಗಿ ಗಾಜಿನ ನಳಿಕೆಯೊಳಗಿನ ದ್ರವ ಇಳಿಯುವಂತೆ ಮಾಡಿ ಡಾಂಕಿನ್ ಯಂತ್ರಗಳ ಸುತ್ತನ್ನು ಅಳೆದನು. 1810ರಲ್ಲಿ ಲಂಡನ್ನಿನ ಕಲಾ ಸಂಘವು ಇದಕ್ಕಾಗಿ ಅವನಿಗೆ ಚಿನ್ನದ ಪದಕವನ್ನಿತ್ತಿತು.

ಮೋಟಾರುಗಳ ಕಾಲ ಬಂದಾಗ, 1902ರಲ್ಲಿ ಆಟೋ ಷುಲ್ಟ್ಸೆ ಎಂಬ ಜರ್ಮನ್ನನು ತಿರುಗುವ ಅಯಸ್ಕಾಂತದ ಸೆಳೆತದಿಂದ ಮುಳ್ಳನ್ನು ಆಡಿಸುವ ವೇಗಮಾಪಕಕ್ಕೆ ಹಕ್ಕುಪತ್ರ ಪಡೆದನು. ಒಂದು ಉದ್ದನೆಯ ಉಕ್ಕಿನ ಕೇಬಲ್ಲು ಗಾಡಿಯ ಅಡಿಯಿಂದ ಬಂದು ಈ ಅಯಸ್ಕಾಂತವನ್ನು ತಿರುಗಿಸುತ್ತಿತ್ತು. ಅನಂತರ ಕೇಬಲ್ಲಿನ ಸ್ಥಾನಕ್ಕೆ ತಂತಿ ಬಂದಿತು, ಅಯಸ್ಕಾಂತದ ಸೆಳೆತದ ಸ್ಥಾನಕ್ಕೆ ಎಣಿಕೆ ಬಂದಿತು. ನಮ್ಮ ಕಥೆಯ ತೊಡಕು ಆರಂಭವಾಗುವುದು ಈ ಎಣಿಕೆಯಲ್ಲಿಯೇ.

ಮುಳ್ಳು ಎಣಿಸುವುದು ಏನನ್ನು?

ವಿದ್ಯುತ್ತಿನ ಟ್ಯಾಕೋಮೀಟರು ಎಂಜಿನ್ನಿನ ಸುತ್ತನ್ನು ನೇರವಾಗಿ ಕಾಣುವುದಿಲ್ಲ. ತಂತಿಯಲ್ಲಿ ಬರುವ ಮಿಡಿತಗಳನ್ನು ಎಣಿಸಿ, ‘ಇಷ್ಟು ಮಿಡಿತಕ್ಕೆ ಒಂದು ಸುತ್ತು’ ಎಂದು ಭಾಗಿಸಿ ಹೇಳುತ್ತದೆ. ಆ ‘ಇಷ್ಟು’ ಎಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ.

ಪೆಟ್ರೋಲು ಎಂಜಿನ್ನಿನಲ್ಲಿ ಕಿಡಿ ಹೊಡೆಯುವುದನ್ನೇ ಎಣಿಸುವ ವಾಡಿಕೆಯುಂಟು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿಯೊಂದು ಸಿಲಿಂಡರಿಗೂ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ಆದ್ದರಿಂದ ಒಂದು ಸುತ್ತಿಗೆ ನಾಲ್ಕು ಸಿಲಿಂಡರಿನದಕ್ಕೆ 2 ಕಿಡಿ, ಆರರದಕ್ಕೆ 3, ಎಂಟರದಕ್ಕೆ 4. ಎಂಟು ಸಿಲಿಂಡರಿನ ಗಾಡಿಯ ಮೀಟರನ್ನು ಆರರ ಗಾಡಿಗೆ ಹಾಕಿದರೆ ಮುಳ್ಳು ಮುಕ್ಕಾಲು ಪಾಲನ್ನು ಮಾತ್ರ ತೋರಿಸುತ್ತದೆ. ಅಮೆರಿಕದ ಹಳೆಯ ಪಿಕಪ್ ಲಾರಿಗಳಿಗೆ ಬೇರೆ ಮೀಟರು ಜೋಡಿಸುವವರಿಗೆ ಇದು ಪರಿಚಿತವಾದ ತೊಡಕು.

ನಮ್ಮ ಲಾರಿಗಳು ಡೀಸೆಲಿನವು. ಅಲ್ಲಿ ಕಿಡಿಯೇ ಇಲ್ಲ. ಆದುದರಿಂದ ಹಳೆಯ ಮಾದರಿಯ ಅನೇಕ ಲಾರಿಗಳಲ್ಲಿ ಮಿಡಿತವನ್ನು ಆಲ್ಟರ್ನೇಟರಿನಿಂದ ಎರವಲು ಪಡೆಯುತ್ತಾರೆ. ಬ್ಯಾಟರಿಗೆ ವಿದ್ಯುತ್ತು ತುಂಬುವ ಈ ಯಂತ್ರದೊಳಗೆ ಉಗುರುಗಳಂತೆ ಒಂದರೊಳಗೊಂದು ಕೂಡಿಕೊಂಡ ಧ್ರುವಗಳಿರುತ್ತವೆ. ಸಾಮಾನ್ಯವಾಗಿ 12 ಧ್ರುವಗಳು, ಅಂದರೆ 6 ಜೋಡಿ. ಅದು ಒಂದು ಸುತ್ತು ತಿರುಗಿದರೆ ಪ್ರತಿ ಜೋಡಿಗೊಂದರಂತೆ ವಿದ್ಯುತ್ತು ಆರು ಸಲ ಏರಿ ಇಳಿಯುತ್ತದೆ. ಬೆನ್ನ ಮೇಲೆ ‘ಡಬ್ಲ್ಯೂ’ ಎಂದು ಗುರುತಿಸಿದ ಮೊಳೆಯಿಂದ ಆ ಏರಿಳಿತವನ್ನು ತಂತಿಯಲ್ಲಿ ಮೀಟರಿಗೆ ಒಯ್ಯುತ್ತಾರೆ.

ಆದರೆ ಆಲ್ಟರ್ನೇಟರನ್ನು ತಿರುಗಿಸುವುದು ಬೆಲ್ಟು. ಎಂಜಿನ್ನಿನ ಪುಲ್ಲಿ ದೊಡ್ಡದು, ಆಲ್ಟರ್ನೇಟರಿನ ಪುಲ್ಲಿ ಚಿಕ್ಕದು. ಎಂಜಿನ್ನು ಒಂದು ಸುತ್ತು ತಿರುಗುವಷ್ಟರಲ್ಲಿ ಆಲ್ಟರ್ನೇಟರು ಎರಡು ಮೂರು ಸುತ್ತು ತಿರುಗಿರುತ್ತದೆ. ಈ ಪುಲ್ಲಿಗಳ ಅಳತೆ ಎಲ್ಲ ಲಾರಿಗಳಲ್ಲಿಯೂ ಒಂದೇ ಅಲ್ಲ.

ಗುಜರಿಯಿಂದ ಬಂದ ಬೋರ್ಡು

ನಮ್ಮ ಊರಿನ ಗ್ಯಾರೇಜೊಂದರಲ್ಲಿ ಇಂಥ ಪ್ರಸಂಗವನ್ನು ನಾನು ಪ್ರತ್ಯಕ್ಷವಾಗಿ ಕಂಡೆ. ಮಳೆಗಾಲದಲ್ಲಿ ನೀರಿಳಿದು ಒಂದು ಹಳೆಯ ಲಾರಿಯ ಮೀಟರ್ ಬೋರ್ಡು ಸತ್ತುಹೋಗಿತ್ತು. ಹೊಸದು ದುಬಾರಿ, ಮಾಲೀಕರು ಗುಜರಿಯಿಂದ ಬೇರೊಂದು ಮಾದರಿಯ ಬೋರ್ಡನ್ನು ತಂದು ಹಾಕಿಸಿದರು. ಎಲ್ಲ ಮುಳ್ಳುಗಳೂ ಎದ್ದವು. ಮಾಲೀಕರು ಸಂತೋಷಪಟ್ಟರು. ಚಾಲಕರಿಗೆ ಮಾತ್ರ ಸಮಾಧಾನವಾಗಲಿಲ್ಲ. ಒಂದು ಸುತ್ತು ಓಡಿಸಿಕೊಂಡು ಬಂದು ಅವರು ಮೇಸ್ತ್ರಿಗಳಿಗೆ ಹೇಳಿದರು:

“ಮೇಸ್ತ್ರಿಗಳೇ, ಗಾಡಿ ಅರಚ್ತಾ ಇದೆ, ಮುಳ್ಳು ಮಾತ್ರ ನಿದ್ದೆ ಮಾಡ್ತಾ ಇದೆ. ನಾನು ಯಾವುದನ್ನ ನಂಬಲಿ?”

ಮಾಲೀಕರು ನಕ್ಕು, “ಅಲ್ಲಪ್ಪ, ಮಿಷನ್ನು ಸುಳ್ಳು ಹೇಳುತ್ತಾ? ನಿನ್ನ ಕಿವಿಗೇ ವಯಸ್ಸಾಯಿತು” ಎಂದರು.

ಮೇಸ್ತ್ರಿಗಳು ಯಾರ ಪಕ್ಷವನ್ನೂ ವಹಿಸಲಿಲ್ಲ. “ಕಿವಿ ಬೇಡ, ಮುಳ್ಳೂ ಬೇಡ ಯಜಮಾನ್ರೆ. ಮೂರನೇ ಸಾಕ್ಷಿ ಕರೆಯೋಣ” ಎಂದು ಹೇಳಿ, ಮೊದಲು ಕಾಗದ ಪೆನ್ಸಿಲು ತೆಗೆದುಕೊಂಡರು.

ಆರಕ್ಕೆ ಐದು

ಬೆಲ್ಟು ಕೂರುವ ಮಟ್ಟದಲ್ಲಿ ಆ ಲಾರಿಯ ಎಂಜಿನ್ ಪುಲ್ಲಿಯ ವ್ಯಾಸ 180 ಮಿಲಿಮೀಟರು, ಆಲ್ಟರ್ನೇಟರಿನದು 72. ಭಾಗಿಸಿದರೆ ಎರಡೂವರೆ. ಅಂದರೆ ಎಂಜಿನ್ನಿನ ಒಂದು ಸುತ್ತಿಗೆ ಆಲ್ಟರ್ನೇಟರಿನ ಎರಡೂವರೆ ಸುತ್ತು. ಪ್ರತಿ ಸುತ್ತಿಗೆ 6 ಮಿಡಿತದಂತೆ ಒಟ್ಟು 15 ಮಿಡಿತ. ಗುಜರಿಯಿಂದ ಬಂದ ಬೋರ್ಡು ಹುಟ್ಟಿದ ಮಾದರಿಯಲ್ಲಿ ಈ ಪುಲ್ಲಿಗಳ ಪ್ರಮಾಣ ಮೂರು. ಅಲ್ಲಿ ಒಂದು ಸುತ್ತಿಗೆ 18 ಮಿಡಿತ. ಬೋರ್ಡು ತನ್ನ ಹಳೆಯ ಅಭ್ಯಾಸದಂತೆ 18 ಮಿಡಿತ ಬರುವವರೆಗೆ ಕಾದು, ಆಮೇಲೆ ‘ಒಂದು’ ಎನ್ನುತ್ತಿತ್ತು.

ನಮ್ಮ ಹಿರಿಯರು ಧಾನ್ಯವನ್ನು ಕೊಳಗದಿಂದ ಅಳೆಯುತ್ತಿದ್ದ ಕಾಲವನ್ನು ನೆನೆಯಿರಿ. ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸಮನಾಗಿರುತ್ತಿರಲಿಲ್ಲ. ಕೊಳಗ ದೊಡ್ಡದಾದರೆ ಅದೇ ರಾಶಿ ಚಿಕ್ಕದಾಗಿ ಕಾಣುತ್ತದೆ. ರಾಶಿಯೂ ಸುಳ್ಳಲ್ಲ, ಕೊಳಗವೂ ಸುಳ್ಳಲ್ಲ. ಈ ಕಣಕ್ಕೆ ಆ ಊರಿನ ಕೊಳಗವನ್ನು ತಂದುದೇ ತಪ್ಪು. ದೇಶಕ್ಕೆಲ್ಲ ಒಂದೇ ಅಳತೆಯಿರಲೆಂದು 1956ರಲ್ಲಿ ಕಾಯಿದೆಯಾಯಿತು. ಲಾರಿಗಳ ಮಿಡಿತಕ್ಕೆ ಅಂಥ ಏಕರೂಪ ಇರಲಿಲ್ಲ.

ಫಲವೇನು? ನಿಜವಾದ ಸುತ್ತು ಆರು ಪಾಲಾದರೆ ಮುಳ್ಳು ಐದು ಪಾಲನ್ನು ತೋರಿಸುತ್ತದೆ. ಎಂಜಿನ್ನು 1500 ತಿರುಗುವಾಗ ಮುಳ್ಳು 1250ರಲ್ಲಿ ನಿಲ್ಲುತ್ತದೆ. ಎಂಜಿನ್ನಿನ ಮಿತಿ 2400 ಎಂದಿಟ್ಟುಕೊಂಡರೆ, ಆ ಮಿತಿಯನ್ನು ಮುಟ್ಟಿದ ಹೊತ್ತಿನಲ್ಲಿ ಮುಳ್ಳು 2000ವನ್ನು ತೋರಿಸುತ್ತ, ‘ಇನ್ನೂ 400 ಬಾಕಿ ಇದೆ’ ಎಂದು ಚಾಲಕನಿಗೆ ಅಭಯ ಕೊಡುತ್ತಿರುತ್ತದೆ. ಘಟ್ಟದ ಇಳಿಜಾರಿನಲ್ಲಿ ಆ ಅಭಯವನ್ನು ನಂಬಿದವನ ಗತಿಯನ್ನು ಬೇರೆ ಹೇಳಬೇಕಾಗಿಲ್ಲ. ಮಟ್ಟಸ ರಸ್ತೆಯಲ್ಲಿಯೂ ನಷ್ಟವೇ: ಹಸಿರು ಪಟ್ಟಿಯಲ್ಲಿ ಮುಳ್ಳನ್ನಿಟ್ಟು ಮಿತವ್ಯಯ ಮಾಡುತ್ತಿದ್ದೇನೆಂದು ಚಾಲಕನು ತಿಳಿದಿರುತ್ತಾನೆ, ಎಂಜಿನ್ನು ಹಸಿರನ್ನು ದಾಟಿ ತಿರುಗುತ್ತ ಡೀಸೆಲನ್ನು ಕುಡಿಯುತ್ತಿರುತ್ತದೆ. ತಿಂಗಳ ಕೊನೆಗೆ ಬೈಗುಳ ಕೇಳುವವನು ಮಾತ್ರ ಚಾಲಕ.

ದೀಪದ ಸಾಕ್ಷಿ

ಕಾಗದದ ಲೆಕ್ಕ ಅನುಮಾನಪ್ರಮಾಣ, ಪ್ರತ್ಯಕ್ಷಪ್ರಮಾಣ ಬೇಕಷ್ಟೆ. ಈಗ ಇದಕ್ಕೆ ಕೈಯಲ್ಲಿ ಹಿಡಿಯುವ ಉಪಕರಣ ಸಿಗುತ್ತದೆ. ಪುಲ್ಲಿಗೆ ಹೊಳೆಯುವ ಪಟ್ಟಿಯ ಚೂರೊಂದನ್ನು ಅಂಟಿಸಿ, ಅದರ ಮೇಲೆ ಬೆಳಕಿನ ಕಿರಣ ಬಿಟ್ಟರೆ, ಪ್ರತಿಫಲನಗಳನ್ನು ಎಣಿಸಿ ಅದು ಸುತ್ತನ್ನು ಹೇಳುತ್ತದೆ. ನಮ್ಮ ಮೇಸ್ತ್ರಿಗಳು ಬಳಸಿದುದು ಇದಕ್ಕಿಂತ ಹಳೆಯ ಉಪಾಯ: ಕಬ್ಬಿಣದ ಚೋಕು ಇರುವ ಹಳೆಯ ಟ್ಯೂಬ್‌ಲೈಟು.

ಗ್ರಾಮಫೋನಿನ ಅಭ್ಯಾಸವಿರುವ ವಾಚಕರಿಗೆ ಇದರ ಮರ್ಮ ಹೊಳೆದೀತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಪ್ರತಿ ಆವರ್ತದಲ್ಲಿ ಎರಡು ಸಲ ಹೆಚ್ಚು ಕಡಿಮೆಯಾಗುವುದರಿಂದ ಅಂಥ ದೀಪ ಸೆಕೆಂಡಿಗೆ 100 ಸಲ, ನಿಮಿಷಕ್ಕೆ 6000 ಸಲ ಮಿನುಗುತ್ತದೆ. ಕಣ್ಣಿಗೆ ಅದು ತಿಳಿಯದು. ತಿರುಗುವ ವಸ್ತುವಿಗೆ ತಿಳಿಯುತ್ತದೆ. 33⅓ ಸುತ್ತಿನ ತಟ್ಟೆಯ ವೇಗವನ್ನು ಪರೀಕ್ಷಿಸಲು 180 ಗೆರೆಗಳುಳ್ಳ ಬಿಲ್ಲೆಯನ್ನು ಅದರ ಮೇಲಿಟ್ಟು ದೀಪದ ಕೆಳಗೆ ತಿರುಗಿಸುತ್ತಿದ್ದರು. ವೇಗ ಸರಿಯಿದ್ದರೆ ಗೆರೆಗಳು ನಿಂತಲ್ಲೇ ನಿಂತಂತೆ ಕಾಣುತ್ತಿದ್ದವು. 6000ವನ್ನು 180ರಿಂದ ಭಾಗಿಸಿದರೆ 33⅓ ಬರುವುದೇ ಇದಕ್ಕೆ ಕಾರಣ.

ರಾತ್ರಿ ಲಾರಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿಗೆ ತಂದು, ಎಂಜಿನ್ನಿನ ಪುಲ್ಲಿಯ ಮೇಲೆ ಸುಣ್ಣದಿಂದ ಒಂದೇ ಒಂದು ಗುರುತನ್ನು ಹಾಕಿದರು. ಮೇಸ್ತ್ರಿಗಳು ಟ್ಯೂಬ್‌ಲೈಟಿನೊಡನೆ ಗುಂಡಿಗಿಳಿದರು. ಚಾಲಕರು ಮೇಲೆ ಕುಳಿತು ಎಂಜಿನ್ನಿನ ಸುತ್ತನ್ನು ನಿಧಾನವಾಗಿ ಏರಿಸಿದರು. ನಿಮಿಷಕ್ಕೆ 600 ಸುತ್ತಾದಾಗ ಒಂದು ಗುರುತು ಹತ್ತಾಗಿ ಪುಲ್ಲಿಯ ಸುತ್ತ ನಿಂತಂತೆ ಕಾಣುತ್ತದೆ. 750ರಲ್ಲಿ ಎಂಟು, 1000ದಲ್ಲಿ ಆರು, 1200ರಲ್ಲಿ ಐದು, 1500ರಲ್ಲಿ ನಾಲ್ಕು, 2000ದಲ್ಲಿ ಮೂರು. ನಡುವಿನ ವೇಗಗಳಲ್ಲಿ ಗುರುತುಗಳು ಹಿಂದಕ್ಕೋ ಮುಂದಕ್ಕೋ ತೆವಳುತ್ತವೆ. ಗುಂಡಿಯೊಳಗಿಂದ “ನಾಲ್ಕು ನಿಂತಿತು, ಹಾಗೇ ಹಿಡಿ!” ಎಂಬ ಕೂಗು ಬಂದಾಗ ಮೇಲಿನ ಮುಳ್ಳು 1250ರಲ್ಲಿತ್ತು. ಕಾಗದದ ಲೆಕ್ಕವೂ ದೀಪದ ಲೆಕ್ಕವೂ ಒಂದಾದವು. ಮಾಲೀಕರು ಸುಮ್ಮನಾದರು.

ಈ ಸಾಕ್ಷಿಯನ್ನೂ ಪಾಟೀಸವಾಲಿಲ್ಲದೆ ಒಪ್ಪುವಂತಿಲ್ಲ. 1200ರಲ್ಲಿ ಐದು ಗುರುತು ಕಾಣುವಂತೆ 2400ರಲ್ಲಿಯೂ ಐದೇ ಕಾಣುತ್ತವೆ. ಆದುದರಿಂದ ಕೆಳಗಿನಿಂದ ಮೆಲ್ಲನೆ ಏರುತ್ತ ಹತ್ತು, ಎಂಟು, ಆರು ಎಂದು ಕ್ರಮವಾಗಿ ಎಣಿಸಿಕೊಂಡೇ ಬರಬೇಕು. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯವಾದುದು. ಗುರುತು ನಿಂತಂತೆ ಕಾಣುತ್ತದೆಯೇ ಹೊರತು ಪುಲ್ಲಿ ನಿಂತಿರುವುದಿಲ್ಲ. ಸೆಕೆಂಡಿಗೆ 25 ಸುತ್ತು ತಿರುಗುತ್ತಿರುತ್ತದೆ. ನಿಂತಿದೆಯೆಂದು ಭ್ರಮಿಸಿ ಕೈ ಚಾಚಿದವನ ಕೈ ಉಳಿಯದು. ತಿರುಗುವ ಯಂತ್ರಗಳಿರುವ ಕಾರ್ಖಾನೆಗಳಲ್ಲಿ ಅಕ್ಕಪಕ್ಕದ ಟ್ಯೂಬ್‌ಲೈಟುಗಳನ್ನು ಬೇರೆ ಬೇರೆ ಫೇಸುಗಳಿಗೆ ಜೋಡಿಸುತ್ತಿದ್ದುದು ಈ ಭ್ರಮೆಯನ್ನು ತಪ್ಪಿಸಲೆಂದೇ.

ತಿರುಪಿನ ಕೆಲಸ

ಕಾಯಿಲೆ ತಿಳಿದ ಮೇಲೆ ಚಿಕಿತ್ಸೆ ಸುಲಭ. ಹೊಂದಿಸಲು ಬರುವ ಮೀಟರುಗಳಲ್ಲಿ ಕೆಲವಕ್ಕೆ ಬೆನ್ನ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ; ಕೆಲವಕ್ಕೆ ಸಾಲಾಗಿ ಪುಟ್ಟ ಸ್ವಿಚ್ಚುಗಳು; ಇನ್ನು ಕೆಲವಕ್ಕೆ ಗುಂಡಿಯೊತ್ತಿ ಮಿಡಿತದ ಸಂಖ್ಯೆಯನ್ನೇ ಹೇಳಿಕೊಡಬೇಕು. ಇಲ್ಲಿದ್ದುದು ತಿರುಪು. ತಿರುಪನ್ನು ಮುಟ್ಟುವ ಮೊದಲು ಮೇಸ್ತ್ರಿಗಳು ಎಂಜಿನ್ನನ್ನು ನಿಲ್ಲಿಸಿ, ಮುಳ್ಳು ಸೊನ್ನೆಯಲ್ಲಿಯೇ ಮಲಗುತ್ತದೆಯೇ ಎಂದು ನೋಡಿದರು. ಇದು ವಿವೇಕದ ಕ್ರಮ. ಮುಳ್ಳನ್ನು ಅಚ್ಚಿನ ಮೇಲೆ ಓರೆಯಾಗಿ ಕೂಡಿಸಿದ್ದರೆ ಎಲ್ಲ ಕಡೆಯೂ ಒಂದೇ ಮೊತ್ತದ ತಪ್ಪು ಬರುತ್ತದೆ: 1000ದಲ್ಲಿ ನೂರು ಕಡಿಮೆಯಾದರೆ 2000ದಲ್ಲಿಯೂ ನೂರೇ ಕಡಿಮೆ. ಎಣಿಕೆಯ ತಪ್ಪಾದರೆ ವೇಗದೊಡನೆ ಬೆಳೆಯುತ್ತದೆ. ಮೊದಲನೆಯದಕ್ಕೆ ಮುಳ್ಳನ್ನು ಕಿತ್ತು ಸರಿಯಾಗಿ ಕೂಡಿಸಬೇಕು. ಎರಡನೆಯದಕ್ಕೆ ಮಾತ್ರ ತಿರುಪು. ಎರಡನ್ನೂ ಬೆರೆಸಿದರೆ ಒಂದೇ ಒಂದು ಅಂಕಿಯಲ್ಲಿ ಸರಿಯಾಗಿ, ಉಳಿದೆಲ್ಲ ಕಡೆ ತಪ್ಪುವ ಮೀಟರು ಸಿದ್ಧವಾಗುತ್ತದೆ.

ಮತ್ತೆ ನಾಲ್ಕು ಗುರುತುಗಳು ನಿಲ್ಲುವಂತೆ ಮಾಡಿ, ಮುಳ್ಳು 1500ಕ್ಕೆ ಬರುವವರೆಗೆ ತಿರುಪನ್ನು ಕೂದಲೆಳೆಯಷ್ಟೇ ತಿರುವಿದರು. ಆಮೇಲೆ ಆರು ಗುರುತಿನಲ್ಲಿ 1000, ಮೂರು ಗುರುತಿನಲ್ಲಿ 2000 ಬರುವುದೋ ಎಂದು ನೋಡಿದರು. ಮೂರು ಕಡೆಯೂ ಹೊಂದಿದ ಮೇಲೆ ತಿರುಪಿನ ಮೇಲೆ ಒಂದು ತೊಟ್ಟು ಬಣ್ಣ ಹಾಕಿ, ರಸ್ತೆಯ ಅದುರಿಗೆ ಅದು ಅಲುಗದಂತೆ ಮಾಡಿದರು.

ಹೊಸದಾಗಿ ಬಂದ ಬೋರ್ಡಿನ ಇತರ ಮುಳ್ಳುಗಳಿಗೂ ಇದೇ ನ್ಯಾಯ. ಬಿಸಿಯ ಮುಳ್ಳೂ ಡೀಸೆಲಿನ ಮುಳ್ಳೂ ತಮ್ಮ ಹಳೆಯ ಲಾರಿಯ ಸೆನ್ಸರಿಗೆ ಹೊಂದಿಕೊಂಡಿರುತ್ತವೆ; ಅವನ್ನೂ ಪರೀಕ್ಷಿಸದೆ ನಂಬಬಾರದು. ಓಡಿದ ಕಿಲೋಮೀಟರುಗಳ ಅಂಕಿಯಂತೂ ಅನ್ಯರ ಜಾತಕ. ಬದಲಾಯಿಸಿದ ದಿನ ಹಳೆಯ ಬೋರ್ಡಿನಲ್ಲಿ ಎಷ್ಟಿತ್ತು, ಹೊಸದರಲ್ಲಿ ಎಷ್ಟಿದೆ ಎಂದು ಬರೆದಿಟ್ಟು, ಲಾರಿಯನ್ನು ಮಾರುವಾಗ ಕೊಳ್ಳುವವನಿಗೆ ತಿಳಿಸುವುದು ಧರ್ಮ, ಮುಚ್ಚಿಡುವುದು ಮೋಸ.

ಇಂದಿನ ಲಾರಿಗಳಲ್ಲಿ

2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮಗಳಿಗೆ ಅನುಗುಣವಾದ ಹೊಸ ಲಾರಿಗಳಲ್ಲಿ ಈ ವ್ಯವಹಾರ ಬೇರೆ. ಅಲ್ಲಿ ಎಂಜಿನ್ನಿಗೆ ತನ್ನದೇ ಗಣಕವುಂಟು. ದಂಡದೊಡನೆ ತಿರುಗುವ ಹಲ್ಲಿನ ಚಕ್ರವನ್ನು ಎಣಿಸಿ ಸುತ್ತನ್ನು ನಿರ್ಧರಿಸುವುದು ಆ ಗಣಕ. ಮೀಟರಿಗೆ ಬರುವುದು ಮಿಡಿತವಲ್ಲ, ಸಿದ್ಧವಾದ ಸಂಖ್ಯೆ. ಭಾರಿ ವಾಹನಗಳಲ್ಲಿ ಬಳಕೆಯಲ್ಲಿರುವ ಜೆ-1939 ಎಂಬ ಸಂದೇಶಪದ್ಧತಿಯಲ್ಲಿ ಎಂಜಿನ್ನಿನ ಸುತ್ತನ್ನು ಎಂಟನೆಯ ಒಂದಂಶದವರೆಗೆ ಹೇಳಲು ಅವಕಾಶವಿದೆ. ಲಾರಿಗಳ ಮಿಡಿತಕ್ಕೆ ಇಲ್ಲದಿದ್ದ ಏಕರೂಪದ ಅಳತೆ ಹೀಗೆ ಬಂದಿದೆ ಎನ್ನಬಹುದು. ಆದರೂ ಬೋರ್ಡನ್ನು ಬದಲಾಯಿಸಿದಾಗ ಅದು ಆ ಮಾದರಿಗೆ ಒಪ್ಪುವುದೇ ಎಂದು ನೋಡಿ, ಬೇಕಾದ ಸಂಕೇತಗಳನ್ನು ಗಣಕದಿಂದ ತುಂಬಬೇಕು.

ಹಳೆಯ ಲಾರಿಗಳು ಇನ್ನೂ ರಸ್ತೆಯಲ್ಲಿವೆ. ಅವುಗಳ ಮಾಲೀಕರು ನೆನಪಿಡಬೇಕಾದ ಮಾತೊಂದಿದೆ. ಬೋರ್ಡನ್ನು ಬದಲಾಯಿಸದಿದ್ದರೂ, ಬೇರೆ ಅಳತೆಯ ಪುಲ್ಲಿಯ ಆಲ್ಟರ್ನೇಟರನ್ನು ಹಾಕಿಸಿದರೆ ಮುಳ್ಳಿನ ಲೆಕ್ಕ ತಪ್ಪುತ್ತದೆ. ಬೆಲ್ಟು ಸಡಿಲವಾಗಿ ಜಾರಿದರೂ ತಪ್ಪುತ್ತದೆ, ಅದೂ ಕಡಿಮೆ ತೋರಿಸುವ ಕಡೆಗೆ, ಅಂದರೆ ಅಪಾಯದ ಕಡೆಗೆ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ನಾವು ಮನುಷ್ಯರ ವಿಷಯದಲ್ಲಿ ಬಳಸುತ್ತೇವೆ. ಯಂತ್ರಗಳಿಗೂ ಅದು ಸಲ್ಲುತ್ತದೆ. ಮುಳ್ಳು ಬೇಕೆಂದು ಸುಳ್ಳು ಹೇಳಲಿಲ್ಲ, ತನಗೆ ಕಲಿಸಿದ್ದನ್ನು ಹೇಳಿತು. ಮೊದಲು ಸಂದೇಹಪಟ್ಟುದು ವರ್ಷಗಟ್ಟಲೆ ಆ ಎಂಜಿನ್ನಿನೊಡನೆ ಬಾಳಿದ ಚಾಲಕರ ಕಿವಿ. ಅಂಥ ಕಿವಿಯ ದೂರನ್ನು ‘ಮೀಟರು ಹೀಗೆ ಹೇಳುತ್ತದೆ’ ಎಂಬ ಒಂದೇ ಮಾತಿನಿಂದ ತಳ್ಳಿಹಾಕುವ ಮಾಲೀಕರು, ಲಾರಿಯನ್ನು ಘಟ್ಟಕ್ಕೆ ಕಳುಹಿಸುವ ಮೊದಲು ಒಂದು ರಾತ್ರಿ ಗುಂಡಿಯ ಮೇಲೆ ನಿಲ್ಲಿಸಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಒಂದು ಚಿಟಿಕೆ ಸುಣ್ಣ, ಒಂದು ಹಳೆಯ ಟ್ಯೂಬ್‌ಲೈಟು, ಅರ್ಧ ಗಂಟೆಯ ತಾಳ್ಮೆ: ಇದಕ್ಕೆ ತಗಲುವ ವೆಚ್ಚ ಇಷ್ಟೇ.